ಪಾಠ ಮಾಡುವ ವಿದ್ಯಾರ್ಥಿಗೆ ಪಾಠ ಹೇಳಿಕೊಟ್ಟವರು ಯಾರು?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ ಇದು. ಓದಿನ ಅನುಕೂಲಕ್ಕಾಗಿ ಅಲ್ಲಲ್ಲಿ ತಿದ್ದಲಾಗಿದೆ.)



ಇವತ್ತಿನ ಸಂಚಿಕೆಯಲ್ಲಿ ರಾಜರಿಲ್ಲ, ಯುದ್ಧ ಇಲ್ಲ, ಶಾಸನವೂ ಇಲ್ಲ. ಒಂದು ಕ್ಲಾಸ್‌ರೂಮ್ ಇದೆ. ಅದರ ಮುಂದೆ ಚಾಕ್‌ಪೀಸ್ ಹಿಡಿದು ನಿಂತ ಒಬ್ಬ ಹುಡುಗ ಇದ್ದಾನೆ. ಅವನು ಪೂರ್ತಿ ಮೇಷ್ಟ್ರೂ ಅಲ್ಲ, ಬರೀ ವಿದ್ಯಾರ್ಥಿಯೂ ಅಲ್ಲ. ಬೆಳಿಗ್ಗೆ ತಾನೇ ಬೆಂಚಿನ ಮೇಲೆ ಕೂತು ಪಾಠ ಕೇಳುತ್ತಾನೆ. ಮಧ್ಯಾಹ್ನ ತನಗಿಂತ ನಾಲ್ಕೈದು ವರ್ಷ ಚಿಕ್ಕವರಿಗೆ ಪಾಠ ಹೇಳುತ್ತಾನೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇವನಿಗೆ ಟೀಚಿಂಗ್ ಅಸಿಸ್ಟೆಂಟ್ ಅಂತ ಹೆಸರು. ಚಿಕ್ಕದಾಗಿ ಟಿಎ. ನಮ್ಮಲ್ಲಿಂದ ಎಂ.ಎಸ್., ಪಿಎಚ್.ಡಿ. ಅಂತ ಹೋದ ಎಷ್ಟೋ ಮಕ್ಕಳು ಈ ಕೆಲಸ ಮಾಡಿಕೊಂಡೇ ಫೀಸು ಉಳಿಸಿ, ಬಾಡಿಗೆ ಕಟ್ಟಿ, ಓದು ಮುಗಿಸಿದ್ದಾರೆ. ಅವರಲ್ಲಿ ನಾನೂ ಒಬ್ಬ.

2003ರ ಆಗಸ್ಟ್ ತಿಂಗಳು. ಮೈಸೂರಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ ಅಮೆರಿಕದ ನಡುಭಾಗದ ಒಂದು ಊರಿಗೆ ಹೋಗಿದ್ದೆ. ವಿಮಾನ ಇಳಿದ ಒಂಬತ್ತನೇ ದಿನಕ್ಕೆ ನನ್ನ ಕೈಗೆ ಒಂದು ಪಠ್ಯಪುಸ್ತಕ, ಒಂದು ರೂಮ್ ನಂಬರು, 28 ಹೆಸರುಗಳ ಪಟ್ಟಿ ಕೊಟ್ಟರು. ದೊಡ್ಡ ಹಾಲಿನಲ್ಲಿ ಪ್ರೊಫೆಸರ್ ನೂರಾರು ಜನಕ್ಕೆ ಕ್ಯಾಲ್ಕುಲಸ್ ಲೆಕ್ಚರ್ ಕೊಡುತ್ತಾರೆ. ಆಮೇಲೆ ಆ ಗುಂಪನ್ನು ಚಿಕ್ಕ ಚಿಕ್ಕ ಸೆಕ್ಷನ್‌ಗಳಾಗಿ ಒಡೆದು ಟಿಎಗಳ ಕೈಗೆ ಒಪ್ಪಿಸುತ್ತಾರೆ. ಲೆಕ್ಕ ಬಿಡಿಸಿ ತೋರಿಸೋದು, ಹೋಂವರ್ಕ್ ತಿದ್ದೋದು, ಪರೀಕ್ಷೆ ಹತ್ತಿರ ಬಂದಾಗ ಹೆದರಿದವರಿಗೆ ಧೈರ್ಯ ಹೇಳೋದು, ಎಲ್ಲಾ ನಮ್ಮದೇ ಜವಾಬ್ದಾರಿ.

ಚೆನ್ನಾಗೇ ಮಾಡ್ತಿದ್ದೀನಿ ಅಂದುಕೊಂಡಿದ್ದೆ. ಪ್ರತಿ ಲೆಕ್ಕ ಮುಗಿದ ಮೇಲೆ "ಎನಿ ಡೌಟ್ಸ್?" ಅಂತ ಕೇಳುತ್ತಿದ್ದೆ. ಯಾರೂ ಕೈ ಎತ್ತುತ್ತಿರಲಿಲ್ಲ. ಸರಿ, ಅರ್ಥವಾಗಿದೆ ಅಂತ ಮುಂದಿನ ಲೆಕ್ಕಕ್ಕೆ ಹೋಗುತ್ತಿದ್ದೆ.

ಆರನೇ ವಾರ ವಿಭಾಗದಿಂದ ಕರೆ ಬಂತು. ಮೂವರು ವಿದ್ಯಾರ್ಥಿಗಳು ದೂರು ಕೊಟ್ಟಿದ್ದರು. ಇವರ ಉಚ್ಚಾರಣೆ ನಮಗೆ ಅರ್ಥವಾಗ್ತಿಲ್ಲ, ಸೆಕ್ಷನ್ ಬದಲಾಯಿಸಿ ಕೊಡಿ ಅಂತ. ಕೋರ್ಸಿನ ಉಸ್ತುವಾರಿ ನೋಡುತ್ತಿದ್ದವರು ಒರಟಾಗಿ ಏನೂ ಮಾತಾಡಲಿಲ್ಲ. ಇದು ಹೀಗೇ ಮುಂದುವರಿದರೆ ಮುಂದಿನ ಸೆಮಿಸ್ಟರಿಗೆ ನಿಮಗೆ ಕ್ಲಾಸ್ ಕೊಡೋದು ಕಷ್ಟ ಅಂತಷ್ಟೇ ಹೇಳಿದರು. ಅವರಿಗೆ ಅದು ಒಂದು ವಾಕ್ಯ. ನನಗೆ ಕ್ಲಾಸ್ ಹೋದರೆ ಸ್ಟೈಪೆಂಡ್ ಹೋಯಿತು, ಫೀಸಿನ ಮಾಫಿ ಹೋಯಿತು. ವಿದ್ಯಾರ್ಥಿ ವೀಸಾದಲ್ಲಿ ಕ್ಯಾಂಪಸ್ಸಿನ ಹೊರಗೆ ಹಾಗೆ ಸುಮ್ಮನೆ ಕೆಲಸ ಹುಡುಕಿಕೊಳ್ಳೋಕೂ ಬರೋದಿಲ್ಲ. ಅಂದರೆ ವಾಪಸ್ ಊರಿಗೆ.

ಆ ರಾತ್ರಿ ಕಾಲಿಂಗ್ ಕಾರ್ಡ್ ಉಜ್ಜಿ, ನಂಬರ್ ಒತ್ತಿ, ತಿಪಟೂರಿನಲ್ಲಿದ್ದ ನಮ್ಮ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅವರು ಸರ್ಕಾರಿ ಪ್ರಾಥಮಿಕ ಶಾಲೆ ಟೀಚರ್. ಅಪ್ಪ ಅಮ್ಮನಿಗೆ ಹೇಳಿದರೆ ಗಾಬರಿಯಾಗ್ತಾರೆ ಅಂತ ಅವರಿಗೆ ಮಾಡಿದ್ದು.

ಎಲ್ಲಾ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ. "ಕ್ಲಾಸಿಗೆ ಕಳ್ಸೋ ಮುಂಚೆ ನಿಂಗೆ ಏನ್ ಹೇಳ್ಕೊಟ್ರೋ?"

"ಏನೂ ಇಲ್ಲ ಚಿಕ್ಕಮ್ಮ. ಎರಡು ದಿನ ಓರಿಯೆಂಟೇಷನ್ ಇತ್ತು. ಫಾರಂ ತುಂಬ್ಸಿದ್ರು, ಲೈಬ್ರರಿ ತೋರ್ಸಿದ್ರು."

"ಅಯ್ಯೋ, ಒಂದನೇ ಕ್ಲಾಸ್ ಮಕ್ಕಳಿಗೆ ಅಆಇಈ ಹೇಳ್ಕೊಡೋಕೆ ನಂಗೆ ಎರಡು ವರ್ಷ ಟಿಸಿಎಚ್ ಮಾಡ್ಸಿದ್ರಲ್ಲೋ! ಪಾಠ ಟಿಪ್ಪಣಿ ಬರೀದೇ ಇದ್ರೆ ಕ್ಲಾಸೊಳಗೇ ಬಿಡ್ತಿರ್ಲಿಲ್ಲ. ಹಿಂದಿನ ಬೆಂಚಲ್ಲಿ ನಮ್ಮ ಮೇಡಂ ಕೂತಿರೋರು. ನಿಂಗೆ ಹಿಂದೆ ಯಾರೂ ಕೂತ್ಕೊಳ್ಲೇ ಇಲ್ವಾ?"

ಇಲ್ಲ, ಯಾರೂ ಕೂತಿರಲಿಲ್ಲ.

ಚಿಕ್ಕಮ್ಮನ ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಒಂದನೇ ಕ್ಲಾಸಿಗೆ ಎರಡು ವರ್ಷದ ತರಬೇತಿ, ವಿಶ್ವವಿದ್ಯಾಲಯಕ್ಕೆ ಎರಡು ದಿನ. ಇದು ಹೇಗಾಯಿತು? ಇವತ್ತು ಆ ಚರಿತ್ರೆಯನ್ನೇ ಸ್ವಲ್ಪ ಕೆದಕೋಣ.

ಬಳ್ಳಾರಿಯ ಕಲೆಕ್ಟರ್ ಕಂಡದ್ದು

ಮೊದಲೇ ಒಂದು ಮಾತು. ವಿದ್ಯಾರ್ಥಿಯೇ ವಿದ್ಯಾರ್ಥಿಗೆ ಪಾಠ ಹೇಳೋದು ಅಮೆರಿಕದವರು ಕಂಡುಹಿಡಿದದ್ದಲ್ಲ. ನಮ್ಮ ಕೂಲಿಮಠಗಳಲ್ಲಿ ಅದು ದಿನನಿತ್ಯದ ವ್ಯವಹಾರ. ಮಠದಯ್ಯ ಒಬ್ಬರೇ, ಮಕ್ಕಳು ಹತ್ತಾರು. ಮುಂದೆ ಕಲಿತ ಹುಡುಗ ಹಿಂದಿನವನ ಬೆರಳು ಹಿಡಿದು ಮರಳಿನ ಮೇಲೆ ತಿದ್ದಿಸುತ್ತಿದ್ದ. 1823ರಲ್ಲಿ ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಪ್‌ಬೆಲ್ ಮದ್ರಾಸ್ ಸರ್ಕಾರಕ್ಕೆ ತನ್ನ ಜಿಲ್ಲೆಯ ಶಾಲೆಗಳ ಬಗ್ಗೆ ಒಂದು ವರದಿ ಕಳಿಸಿದ. 500ಕ್ಕೂ ಹೆಚ್ಚು ಶಾಲೆಗಳ ಲೆಕ್ಕ ಅದರಲ್ಲಿದೆ. ಆ ಶಾಲೆಗಳಲ್ಲಿ ಅವನಿಗೆ ಇಷ್ಟವಾಗದ್ದು ಬಹಳ ಇತ್ತು. ಆದರೆ ಮುಂದಿರುವ ಹುಡುಗ ಹಿಂದಿರುವವನಿಗೆ ಕಲಿಸುತ್ತಾ ತನ್ನ ಕಲಿಕೆಯನ್ನೂ ಗಟ್ಟಿ ಮಾಡಿಕೊಳ್ಳುವ ಈ ಪದ್ಧತಿಯನ್ನು ಅವನು ಮೆಚ್ಚಿಕೊಂಡ. ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ಸರಿಯಾಗೇ ಇದೆ ಅಂತಲೂ ಬರೆದ.

ಇಂಗ್ಲೆಂಡಿಗೆ ಇದು ಹೋದದ್ದು ಮದ್ರಾಸಿನಿಂದ. ಎಗ್ಮೋರಿನ ಅನಾಥ ಬಾಲಕರ ಶಾಲೆಯ ಹೊಣೆಯನ್ನು 1789ರಲ್ಲಿ ಆ್ಯಂಡ್ರೂ ಬೆಲ್ ಎಂಬ ಪಾದ್ರಿ ವಹಿಸಿಕೊಂಡ. ಒಂದು ದೇಸಿ ಶಾಲೆಯಲ್ಲಿ ಮಕ್ಕಳು ಮರಳಿನ ಮೇಲೆ ಬರೆಯೋದನ್ನು ನೋಡಿ, ನಮ್ಮಲ್ಲೂ ಹೀಗೇ ಮಾಡಿ ಅಂತ ತನ್ನ ಶಾಲೆಯ ಮೇಷ್ಟ್ರುಗಳಿಗೆ ಹೇಳಿದ. ಅವರು ಒಪ್ಪಲಿಲ್ಲ. ಕೊನೆಗೆ ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನ ಕೈಗೆ ಆ ಕೆಲಸ ಕೊಟ್ಟ. ಹುಡುಗ ಗೆದ್ದ. ಬೆಲ್ 1797ರಲ್ಲಿ ಇದನ್ನೆಲ್ಲ ಲಂಡನ್ನಿನಲ್ಲಿ ಪುಸ್ತಕವಾಗಿ ತಂದ. 'ಮದ್ರಾಸ್ ಪದ್ಧತಿ' ಅಂತಲೇ ಅದಕ್ಕೆ ಹೆಸರು ಬಿತ್ತು.

ಇಲ್ಲಿ ಒಂದು ಅಂಶ ಗಮನಿಸಬೇಕು. ಈ ಪದ್ಧತಿಯಲ್ಲಿ ಕಲಿಸುವ ಹುಡುಗನನ್ನು ಒಂಟಿಯಾಗಿ ಬಿಟ್ಟಿರಲಿಲ್ಲ. ಅವನು ಮೊದಲು ಗುರುವಿನ ಹತ್ತಿರ ಪಾಠ ಒಪ್ಪಿಸಬೇಕು. ಅವನು ಕಲಿಸುವಾಗ ಗುರು ಅದೇ ಜಗಲಿಯ ಮೇಲೆ ಇರುತ್ತಾನೆ. ತಪ್ಪಿದರೆ ಅಲ್ಲೇ ತಿದ್ದುತ್ತಾನೆ. ವಿಶ್ವವಿದ್ಯಾಲಯ ಈ ಪದ್ಧತಿಯ ಅರ್ಧ ಭಾಗವನ್ನು ಮಾತ್ರ ತಗೊಂಡಿತು. ಹುಡುಗನನ್ನು ನಿಲ್ಲಿಸಿತು, ಗುರುವನ್ನು ಆಚೆ ಕಳಿಸಿತು.

ಮೂರು ಅಕ್ಷರದ ಮಹಿಮೆ

ಈಗ ಅಮೆರಿಕಕ್ಕೆ ಹೋಗೋಣ. 1876ರಲ್ಲಿ ಬಾಲ್ಟಿಮೋರಿನಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಶುರುವಾಯಿತು. ಜರ್ಮನಿಯ ಮಾದರಿಯಲ್ಲಿ ಸಂಶೋಧನೆಯನ್ನೇ ಮುಖ್ಯ ಮಾಡಿಕೊಂಡ ಸಂಸ್ಥೆ ಅದು. ಅದರ ಮೊದಲ ಅಧ್ಯಕ್ಷ ಡೇನಿಯಲ್ ಗಿಲ್ಮನ್ ವರ್ಷಕ್ಕೆ 500 ಡಾಲರಿನ 20 ಫೆಲೋಶಿಪ್ ಇಟ್ಟರು. ಓದಿ, ಸಂಶೋಧನೆ ಮಾಡಿ, ಅಷ್ಟೇ ಸಾಕು ಅನ್ನೋದು ಅದರ ಉದ್ದೇಶ. ಬೇರೆ ವಿಶ್ವವಿದ್ಯಾಲಯಗಳೂ ಇದೇ ದಾರಿ ಹಿಡಿದವು. ಆದರೆ ದುಡ್ಡು ಸುಮ್ಮನೆ ಕೊಡೋಕಾಗುತ್ತಾ? ಕ್ರಮೇಣ ಸ್ಟೈಪೆಂಡ್ ತಗೊಳ್ಳೋ ವಿದ್ಯಾರ್ಥಿ ಲ್ಯಾಬ್ ನೋಡಿಕೊಳ್ಳಲಿ, ಉತ್ತರ ಪತ್ರಿಕೆ ತಿದ್ದಲಿ, ಮೊದಲ ವರ್ಷದವರಿಗೆ ಪಾಠ ಮಾಡಲಿ ಅನ್ನೋದು ರೂಢಿಯಾಯಿತು. ವಿದ್ಯಾರ್ಥಿಗೆ ಊಟಕ್ಕೆ ದಾರಿ, ವಿಶ್ವವಿದ್ಯಾಲಯಕ್ಕೆ ಅಗ್ಗದ ಮೇಷ್ಟ್ರು.

ಹೇಗೆ ಪಾಠ ಮಾಡಬೇಕು ಅಂತ ಹೇಳಿಕೊಡುವ ಯೋಚನೆ ಯಾರಿಗೂ ಬರಲಿಲ್ಲ. ವಿಷಯ ಗೊತ್ತಿದ್ದವನಿಗೆ ಕಲಿಸೋಕೂ ಗೊತ್ತಿರುತ್ತೆ ಅನ್ನೋ ನಂಬಿಕೆ ಅಷ್ಟು ಗಟ್ಟಿ. ಅದನ್ನು ಆ ಕಾಲದಲ್ಲೇ ಪ್ರಶ್ನಿಸಿದವರು ಹಾರ್ವರ್ಡಿನ ತತ್ತ್ವಜ್ಞಾನಿ ವಿಲಿಯಂ ಜೇಮ್ಸ್. 1903ರಲ್ಲಿ ಅವರು ಪಿಎಚ್.ಡಿ.ಯನ್ನು ಆಕ್ಟೋಪಸ್ಸಿಗೆ ಹೋಲಿಸಿ ಒಂದು ಪ್ರಬಂಧ ಬರೆದರು. ಮೇಷ್ಟ್ರ ಹೆಸರಿನ ಮುಂದೆ ಈ ಮೂರು ಅಕ್ಷರ ಇದೆಯಾ ಅಂತ ಕಾಲೇಜುಗಳು ನೋಡ್ತವೆ, ಅವನಿಗೆ ಕಲಿಸೋಕೆ ಬರುತ್ತಾ ಅನ್ನೋದಕ್ಕೂ ಆ ಡಿಗ್ರಿಗೂ ಸಂಬಂಧವೇ ಇಲ್ಲ ಅನ್ನೋದು ಅವರ ವಾದದ ಸಾರ. ಆಗಿ 120 ವರ್ಷ ದಾಟಿದೆ. ಆ ಮಾತು ಹಳೆಯದಾಗಿಲ್ಲ ಅನ್ನೋದೇ ಬೇಸರ.

ಸೈನಿಕರು ಕ್ಲಾಸಿಗೆ ಬಂದಾಗ

ಈ ವ್ಯವಸ್ಥೆಯ ಮೇಲೆ ಮೊದಲ ದೊಡ್ಡ ಒತ್ತಡ ಬಿದ್ದದ್ದು ಎರಡನೇ ಮಹಾಯುದ್ಧದ ನಂತರ. 1944ರ ಜಿ.ಐ. ಬಿಲ್ ಎಂಬ ಕಾನೂನು ಯುದ್ಧದಿಂದ ಮರಳಿದ ಸೈನಿಕರ ಓದಿನ ಖರ್ಚನ್ನು ಸರ್ಕಾರವೇ ಕೊಡುವಂತೆ ಮಾಡಿತು. 20 ಲಕ್ಷಕ್ಕೂ ಹೆಚ್ಚು ಜನ ಇದರ ಬಲದಿಂದ ಕಾಲೇಜು ಮೆಟ್ಟಿಲು ಹತ್ತಿದರು. 1947ರಲ್ಲಿ ಅಮೆರಿಕದ ಕಾಲೇಜುಗಳಲ್ಲಿ ಇದ್ದವರಲ್ಲಿ ಹೆಚ್ಚೂಕಡಿಮೆ ಅರ್ಧ ಜನ ಮಾಜಿ ಸೈನಿಕರೇ. ಇಷ್ಟು ಜನಕ್ಕೆ ಪ್ರೊಫೆಸರುಗಳನ್ನು ಎಲ್ಲಿಂದ ತರೋದು? ಟಿಎಗಳನ್ನು ನಿಲ್ಲಿಸಿದರು.

ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವಿಲ್ಬರ್ಟ್ ಮೆಕೀಚಿ ಎಂಬ ಯುವಕ ಇದ್ದರು. ನೌಕಾಪಡೆಯಲ್ಲಿ ಕೆಲಸ ಮಾಡಿ ಬಂದು ಮನಃಶಾಸ್ತ್ರದಲ್ಲಿ ಪಿಎಚ್.ಡಿ.ಗೆ ಸೇರಿದ್ದರು, ತಾವೂ ಪಾಠ ಮಾಡುತ್ತಿದ್ದರು. ಮುಂದೆ ಹೊಸ ಟಿಎಗಳನ್ನು ತಯಾರು ಮಾಡುವ ಕೆಲಸ ಅವರ ಪಾಲಿಗೆ ಬಂತು. ಮೊದಲ ದಿನ ಕ್ಲಾಸಿನಲ್ಲಿ ಏನು ಮಾಡಬೇಕು, ಪ್ರಶ್ನೆ ಕೇಳಿದಾಗ ಯಾರೂ ಬಾಯಿ ಬಿಡದಿದ್ದರೆ ಏನು ಮಾಡಬೇಕು, ಪ್ರಶ್ನೆಪತ್ರಿಕೆ ಹೇಗೆ ಬರೆಯಬೇಕು, ಇಂಥ ಸಾದಾ ಸಾದಾ ಸಂಗತಿಗಳನ್ನು ಬರೆದು ಹಂಚಿದರು. ಅದೇ 1951ರಲ್ಲಿ 'ಟೀಚಿಂಗ್ ಟಿಪ್ಸ್' ಅನ್ನೋ ಪುಸ್ತಕವಾಯಿತು. 60 ವರ್ಷಗಳಲ್ಲಿ ಅದು 14 ಆವೃತ್ತಿ ಕಂಡಿತು. ಅದೇ ಮಿಷಿಗನ್ನಿನಲ್ಲಿ 1962ರಲ್ಲಿ ಕಲಿಕೆ ಮತ್ತು ಬೋಧನೆಗೆ ಅಂತಲೇ ಒಂದು ಕೇಂದ್ರ ತೆರೆದರು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇಂಥ ಮೊದಲ ಕೇಂದ್ರ ಅಂತ ಅದನ್ನು ಗುರುತಿಸುತ್ತಾರೆ.

ಆದರೆ ಅದೊಂದು ದ್ವೀಪ. ಸುತ್ತ ಸಮುದ್ರ ಬೇರೇನೇ ಇತ್ತು. 1957ರ ಅಕ್ಟೋಬರಿನಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಗಾಬರಿಬಿದ್ದ ಅಮೆರಿಕ ವಿಜ್ಞಾನ ಸಂಶೋಧನೆಗೆ ಹಣ ಸುರಿಯಿತು. ಪ್ರೊಫೆಸರುಗಳ ಬೆಲೆ ಸಂಶೋಧನೆಯಿಂದ ನಿರ್ಧಾರವಾಗತೊಡಗಿತು. ಇನ್ನೊಂದು ಕಡೆ 1960ರಲ್ಲಿ ಸುಮಾರು 36 ಲಕ್ಷ ಇದ್ದ ಕಾಲೇಜು ವಿದ್ಯಾರ್ಥಿಗಳ ಸಂಖ್ಯೆ 1970ಕ್ಕೆ ಸುಮಾರು 85 ಲಕ್ಷಕ್ಕೆ ಏರಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷ ಕ್ಲಾರ್ಕ್ ಕೆರ್ 1963ರಲ್ಲೇ ಇದನ್ನು ಒಪ್ಪಿಕೊಂಡಿದ್ದರು: ಅಧ್ಯಾಪಕರ ಮಟ್ಟ ಮೇಲೇರಿದಷ್ಟೂ ಪದವಿ ವಿದ್ಯಾರ್ಥಿಗಳ ಪಾಠದ ಕಡೆ ಗಮನ ಕಮ್ಮಿಯಾಗುತ್ತಿದೆ ಅಂತ. ಆ ಖಾಲಿ ಜಾಗದಲ್ಲಿ ನಿಂತವರು ಟಿಎಗಳು.

24 ದಿನದ ಮುಷ್ಕರ

ಅವರು ಎಷ್ಟು ದಿನ ಸುಮ್ಮನಿದ್ದಾರು? ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿ 1966ರಲ್ಲಿ ಟೀಚಿಂಗ್ ಅಸಿಸ್ಟೆಂಟ್ಸ್ ಅಸೋಸಿಯೇಷನ್ ಹುಟ್ಟಿತು. ಹೊರರಾಜ್ಯದ ಟಿಎಗಳಿಗೆ ಇದ್ದ ಫೀಸಿನ ರಿಯಾಯಿತಿಯನ್ನು ತೆಗೆಯುವ ಪ್ರಸ್ತಾಪ 1969ರಲ್ಲಿ ಶಾಸನಸಭೆಗೆ ಬಂದಾಗ ಸಂಘಕ್ಕೆ ಜನ ಸೇರಿಕೊಂಡರು. 1970ರ ಮಾರ್ಚ್‌ನಲ್ಲಿ ಮುಷ್ಕರ ಹೂಡಿದರು. 24 ದಿನ ನಡೆಯಿತು.

ಅವರ ಬೇಡಿಕೆಗಳಲ್ಲಿ ಕೆಲಸದ ಭದ್ರತೆ ಇತ್ತು, ಆರೋಗ್ಯ ವಿಮೆ ಇತ್ತು. ನನಗೆ ಮುಖ್ಯ ಅನ್ನಿಸೋದು ಇನ್ನೊಂದು. ನಾವು ಪಾಠ ಮಾಡುವ ಕೋರ್ಸನ್ನು ಹೇಗೆ ರೂಪಿಸಬೇಕು ಅನ್ನೋದರಲ್ಲಿ ನಮಗೂ, ನಮ್ಮ ವಿದ್ಯಾರ್ಥಿಗಳಿಗೂ ಮಾತಿರಬೇಕು ಅಂತ ಕೇಳಿದ್ದರು. ಒಪ್ಪಂದವೇನೋ ಆಯಿತು. ವಿಮೆ ಸಿಕ್ಕಿತು, ದೂರು ಹೇಳಿಕೊಳ್ಳೋಕೆ ಒಂದು ಕ್ರಮ ಸಿಕ್ಕಿತು. ಕೋರ್ಸಿನ ವಿಚಾರದಲ್ಲಿ ಮಾತ್ರ ಅವರು ಕೇಳಿದ್ದು ಸಿಗಲಿಲ್ಲ. ಕೂಲಿಯ ಮಾತಿಗೆ ವಿಶ್ವವಿದ್ಯಾಲಯ ಬಗ್ಗಿತು, ಪಾಠದ ಮಾತಿಗೆ ಬಗ್ಗಲಿಲ್ಲ.

ಆ ಜಗಳ ಇನ್ನೂ ಮುಗಿದಿಲ್ಲ. 2022ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 48,000 ಜನ ಕೆಲಸ ನಿಲ್ಲಿಸಿದ್ದನ್ನು ನೀವು ಪೇಪರಿನಲ್ಲಿ ಓದಿರಬಹುದು. ಅವರಲ್ಲಿ ಸಾವಿರಾರು ಟಿಎಗಳಿದ್ದರು.

ನಾಲಿಗೆಯ ಮೇಲೆ ತಪ್ಪು

ಈಗ ನಮ್ಮ ಕಥೆಗೆ ಬರೋಣ. 1965ರ ವಲಸೆ ಕಾನೂನಿನ ನಂತರ ಏಷ್ಯಾದವರಿಗೆ ಅಮೆರಿಕದ ಬಾಗಿಲು ಅಗಲವಾಯಿತು. 1980ರ ಹೊತ್ತಿಗೆ ಗಣಿತ, ಭೌತಶಾಸ್ತ್ರ, ಎಂಜಿನಿಯರಿಂಗ್ ವಿಭಾಗಗಳಲ್ಲಿ ಭಾರತ, ಚೀನಾ, ತೈವಾನ್, ಕೊರಿಯಾದಿಂದ ಬಂದ ಟಿಎಗಳು ಎದ್ದು ಕಾಣುವಷ್ಟಾದರು. ಆಗ ಒಂದು ಮಾತು ಹುಟ್ಟಿಕೊಂಡಿತು: 'ಫಾರಿನ್ ಟಿಎ ಪ್ರಾಬ್ಲಂ'. ಮಕ್ಕಳು ಫೇಲಾಗ್ತಿದ್ದಾರೆ, ಯಾಕಂದ್ರೆ ಇವರ ಇಂಗ್ಲಿಷ್ ಅರ್ಥವಾಗಲ್ಲ ಅಂತ ತಂದೆತಾಯಿಗಳು ಶಾಸಕರಿಗೆ ಪತ್ರ ಬರೆದರು. ಒಂದರ ಹಿಂದೆ ಒಂದು ರಾಜ್ಯ ಕಾನೂನು ತಂದಿತು. ಪೆನ್ಸಿಲ್ವೇನಿಯಾದ 1990ರ ಕಾನೂನಿನ ಪ್ರಕಾರ ಪಾಠ ಮಾಡುವವರ ಇಂಗ್ಲಿಷ್ ಸರಿಯಿದೆ ಅಂತ ವಿಶ್ವವಿದ್ಯಾಲಯವೇ ಪ್ರಮಾಣೀಕರಿಸಬೇಕು. ಹತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಂಥ ನಿಯಮಗಳು ಬಂದವು. ಮಾತಿನ ಇಂಗ್ಲಿಷಿಗೆ ಪರೀಕ್ಷೆಗಳು ಬಂದವು. ಟೇಪ್ ರೆಕಾರ್ಡರಿನ ಮುಂದೆ ಕೂತು, ಅದು ಕೇಳಿದ ಪ್ರಶ್ನೆಗೆ ಉತ್ತರ ಹೇಳೋದು. ಎದುರಿಗೆ ಮನುಷ್ಯರೇ ಇಲ್ಲ.

ನಾನು ಇಲ್ಲಿ ಒಂದು ಪಕ್ಷ ಕಟ್ಟಿಕೊಂಡು ಮಾತಾಡಬಾರದು. ಆ ವಿದ್ಯಾರ್ಥಿಗಳ ಕಷ್ಟ ಸುಳ್ಳಲ್ಲ. ಸಾಲ ಮಾಡಿ ಫೀಸು ಕಟ್ಟಿದ ಮನೆಯವರಿಗೆ, ಪಾಠ ಅರ್ಥವಾಗ್ತಿಲ್ಲ ಅಂತ ಮಗ ಹೇಳಿದರೆ ಸಿಟ್ಟು ಬರೋದು ಸಹಜ. ಪ್ರಶ್ನೆ ಇರೋದು ಕಾರಣ ಏನು ಅನ್ನೋದರಲ್ಲಿ.

ಇದನ್ನು ಕ್ಲಾಸಿನ ಒಳಗೇ ಕೂತು ನೋಡಿದವರು ಕ್ಯಾಥ್ಲೀನ್ ಬೇಲಿ. ಲಾಸ್ ಏಂಜಲೀಸಿನ ಯುಸಿಎಲ್‌ಎಯಲ್ಲಿ, 1980ರ ದಶಕದ ಆರಂಭದಲ್ಲಿ, ಗಣಿತ ಮತ್ತು ಭೌತಶಾಸ್ತ್ರದ ಟಿಎಗಳ ಪಾಠಗಳನ್ನು ಗಮನಿಸಿ ಪಿಎಚ್.ಡಿ. ಮಾಡಿದರು. ಅವರಿಗೆ ಐದು ಬಗೆಯ ಟಿಎಗಳು ಕಂಡರು. ಉತ್ಸಾಹದಿಂದ ಮಾತಾಡಿದರೂ ಮಾತು ಅರ್ಥವಾಗದವರು ಒಂದು ಬಗೆ. ಬೋರ್ಡಿಗೆ ಮುಖ ಮಾಡಿ ಯಂತ್ರದ ಹಾಗೆ ಲೆಕ್ಕ ಬಿಡಿಸುವವರು ಇನ್ನೊಂದು. ಗೆಳೆಯನ ಹಾಗೆ ಸಹಾಯ ಮಾಡುವವರು, ನಗಿಸುತ್ತಾ ಕಲಿಸುವವರು, ಹುರಿದುಂಬಿಸುವವರು ಉಳಿದ ಮೂರು. ಉಚ್ಚಾರಣೆ ಮುಖ್ಯ ಹೌದು, ಆದರೆ ಕ್ಲಾಸಿನ ಜೊತೆ ಟಿಎ ಹೇಗೆ ವ್ಯವಹರಿಸುತ್ತಾನೆ ಅನ್ನೋದೂ ಅಷ್ಟೇ ಮುಖ್ಯ ಅಂತ ಇದರಿಂದ ಕಂಡಿತು. ಬೋರ್ಡಿಗೆ ಮುಖ ಮಾಡೋಕೆ ಯಾವ ದೇಶದ ಪಾಸ್‌ಪೋರ್ಟೂ ಬೇಕಾಗಿಲ್ಲ ನೋಡಿ.

ಇನ್ನೊಂದು ಪ್ರಯೋಗ ಜಾರ್ಜಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ರೂಬಿನ್ ಅವರದ್ದು. 1992ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲೇ ಹುಟ್ಟಿ ಬೆಳೆದ, ಇಂಗ್ಲಿಷೇ ಮನೆಮಾತಾದ ಒಬ್ಬ ಮಹಿಳೆಯ ಧ್ವನಿಯಲ್ಲಿ ಪುಟ್ಟ ಉಪನ್ಯಾಸ ರೆಕಾರ್ಡ್ ಮಾಡಿಸಿದರು. ವಿದ್ಯಾರ್ಥಿಗಳ ಒಂದು ಗುಂಪಿಗೆ ಉಪನ್ಯಾಸದ ಜೊತೆ ಬಿಳಿಯ ಮಹಿಳೆಯ ಫೋಟೋ ತೋರಿಸಿದರು, ಇನ್ನೊಂದು ಗುಂಪಿಗೆ ಏಷ್ಯಾದ ಮಹಿಳೆಯ ಫೋಟೋ. ಧ್ವನಿ ಅದೇ, ಮಾತು ಅದೇ. ಏಷ್ಯಾದ ಮುಖ ನೋಡಿದವರಿಗೆ ಇಲ್ಲದ ವಿದೇಶಿ ಉಚ್ಚಾರಣೆ ಕೇಳಿಸಿತು. ಅಷ್ಟೇ ಆಗಿದ್ದರೆ ಪೂರ್ವಗ್ರಹ ಅಂತ ಬಿಟ್ಟುಬಿಡಬಹುದಿತ್ತು. ಉಪನ್ಯಾಸ ಎಷ್ಟು ಅರ್ಥವಾಗಿದೆ ಅಂತ ಪರೀಕ್ಷಿಸಿದಾಗಲೂ ಅವರಿಗೆ ಕಡಿಮೆ ಅಂಕ ಬಂತು. ಕಣ್ಣು ಕಿವಿಯನ್ನು ಮುಚ್ಚಿತ್ತು.

ಹಿಂದಿನ ಬೆಂಚಿನಲ್ಲಿ ಕೂತವರು

ದೂರುಗಳಿಂದ ಒಂದು ಒಳ್ಳೆಯದೂ ಆಯಿತು. ವಿದೇಶಿ ಟಿಎಗಳಿಗೆ ತರಬೇತಿ ಕೊಡಬೇಕು ಅಂತ ಹೊರಟವರಿಗೆ, ಸ್ವದೇಶಿ ಟಿಎಗಳಿಗೂ ತರಬೇತಿ ಇಲ್ಲ ಅನ್ನೋದು ಎದ್ದು ಕಂಡಿತು. 1986ರಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಟಿಎಗಳ ತರಬೇತಿ ಮತ್ತು ಕೆಲಸದ ಬಗ್ಗೆಯೇ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು. 1876ರಿಂದ ಲೆಕ್ಕ ಹಾಕಿದರೆ 110 ವರ್ಷ ಬೇಕಾಯಿತು. ಅಲ್ಲಿಂದಾಚೆ ಬೋಧನಾ ಕೇಂದ್ರಗಳು ಹೆಚ್ಚಾದವು. ಕೆಲವು ಕಡೆ ಕ್ಲಾಸಿಗೆ ಹೋಗುವ ಮುಂಚೆ ಒಂದು ಸೆಮಿಸ್ಟರಿನ ಕೋರ್ಸೇ ಬಂತು. 1963ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಶಾಲಾ ಶಿಕ್ಷಕರಿಗಾಗಿ ಹುಟ್ಟಿದ ಮೈಕ್ರೋ ಟೀಚಿಂಗನ್ನು ಟಿಎಗಳಿಗೂ ಮಾಡಿಸಿದರು. ಐದು ಹತ್ತು ನಿಮಿಷ ಪಾಠ ಮಾಡೋದು, ವಿಡಿಯೋ ನೋಡೋದು, ತಿದ್ದಿಕೊಂಡು ಮತ್ತೆ ಮಾಡೋದು. ನಮ್ಮಲ್ಲಿ ಬಿ.ಎಡ್. ಮಾಡಿದವರಿಗೆ ಇದು ಹೊಸದೇನಲ್ಲ.

ಇನ್ನೊಂದು ವಿಧಾನ 1970ರ ದಶಕದ ಕೊನೆಯಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡದ್ದು. ಸೆಮಿಸ್ಟರಿನ ನಡುವೆ ಹೊರಗಿನ ಒಬ್ಬರು ಕ್ಲಾಸಿಗೆ ಬರುತ್ತಾರೆ. ಮೇಷ್ಟ್ರನ್ನು ಆಚೆ ಕಳಿಸುತ್ತಾರೆ. ವಿದ್ಯಾರ್ಥಿಗಳನ್ನು ಗುಂಪು ಮಾಡಿ, ನಿಮ್ಮ ಕಲಿಕೆಗೆ ಯಾವುದು ಅನುಕೂಲ, ಯಾವುದು ಬದಲಾಗಬೇಕು ಅಂತ ಕೇಳುತ್ತಾರೆ. ಗುಂಪು ಒಪ್ಪಿದ್ದನ್ನು ಮೇಷ್ಟ್ರಿಗೆ ಗುಟ್ಟಾಗಿ ತಿಳಿಸುತ್ತಾರೆ.

ನನ್ನನ್ನು ಉಳಿಸಿದ್ದು ಇದೇ. ಚಿಕ್ಕಮ್ಮನ ಜೊತೆ ಮಾತಾಡಿದ ಮಾರನೇ ದಿನ ನಾನೇ ಬೋಧನಾ ಕೇಂದ್ರ ಹುಡುಕಿಕೊಂಡು ಹೋಗಿ, ನನ್ನ ಕ್ಲಾಸಿನಲ್ಲಿ ಯಾರಾದರೂ ಹಿಂದೆ ಕೂತ್ಕೊಳ್ತೀರಾ ಅಂತ ಕೇಳಿದೆ. ಒಬ್ಬ ಹಿರಿಯ ಮಹಿಳೆ ಬಂದರು. ಒಂದು ದಿನ ಸುಮ್ಮನೆ ಕೂತು ನೋಡಿದರು. ಇನ್ನೊಂದು ದಿನ ಕೊನೆಯ 20 ನಿಮಿಷ ನನ್ನನ್ನು ಆಚೆ ನಿಲ್ಲಿಸಿದರು. ಆ 20 ನಿಮಿಷ ಕಾರಿಡಾರಿನಲ್ಲಿ ನಾನು ಹೇಗೆ ನಿಂತಿದ್ದೆ ಅಂತ ಕೇಳಬೇಡಿ.

ಸಂಜೆ ಅವರು ಪಟ್ಟಿ ಮುಂದಿಟ್ಟರು. ಮೊದಲನೇದು, "ಇವರು ಡೌಟ್ ಇದೆಯಾ ಅಂತ ಯಾಕೆ ಕೇಳ್ತಾರೆ?" ನಮ್ಮಲ್ಲಿ ಡೌಟು ಅಂದರೆ ಪ್ರಶ್ನೆ. ಅಲ್ಲಿ ಆ ಮಾತಿಗೆ ಅಪನಂಬಿಕೆ ಅನ್ನೋ ಅರ್ಥವೇ ಮುಂದೆ. ನಾನು ಹೇಳಿದ್ದರಲ್ಲಿ ನಿಮಗೆ ನಂಬಿಕೆ ಇಲ್ವಾ ಅಂತ ಕೇಳಿದ ಹಾಗೆ! ಯಾರು ತಾನೇ ಕೈ ಎತ್ತುತ್ತಾರೆ?

ಎರಡನೇದು, ಇಂಟು. ನಿಮ್ಮನ್ನೇ ಕೇಳ್ತೀನಿ, ಐದು ಇಂಟು ಹತ್ತು ಎಷ್ಟು? ಐವತ್ತು ಅಂದಿರಿ ಅಲ್ವಾ? ನಾನೂ ಹಾಗೇ ಹೇಳುತ್ತಿದ್ದೆ. ಅಮೆರಿಕದ ಮಕ್ಕಳಿಗೆ 'ಫೈವ್ ಇಂಟು ಟೆನ್' ಅಂದರೆ ಹತ್ತರೊಳಗೆ ಐದು ಎಷ್ಟು ಸಲ ಹೋಗುತ್ತೆ ಅಂತ. ಉತ್ತರ ಎರಡು. ನಾನು ಬಾಯಲ್ಲಿ ಗುಣಿಸುತ್ತಿದ್ದೆ, ಅವರು ಮನಸ್ಸಿನಲ್ಲಿ ಭಾಗಿಸುತ್ತಿದ್ದರು. ಗುಣಾಕಾರಕ್ಕೆ ಅಲ್ಲಿ 'ಟೈಮ್ಸ್' ಅನ್ನಬೇಕು. ಭಾಗಾಕಾರಕ್ಕೆ ನಾವು 'ಬೈ' ಅಂತೀವಿ, ಅವರು 'ಓವರ್' ಅಂತಾರೆ.

ಮೂರನೇದು, ನಾನು ಬೋರ್ಡಿನ ಜೊತೆ ಮಾತಾಡ್ತೀನಿ, ಅವರ ಜೊತೆ ಅಲ್ಲ ಅಂತ.

ಉಚ್ಚಾರಣೆಯ ಮಾತೂ ಪಟ್ಟಿಯಲ್ಲಿತ್ತು. ಕೊನೆಯಲ್ಲಿ. ಸ್ವಲ್ಪ ನಿಧಾನ ಮಾತಾಡಿದರೆ ಸಾಕು ಅಂತ.

ಮಾರನೇ ವಾರ ನಾನು ಕ್ಲಾಸಿನಲ್ಲಿ ಈ ಪಟ್ಟಿಯನ್ನೇ ಓದಿದೆ. ಇಂಟು ವಿಷಯ ಬಂದಾಗ ಎಲ್ಲರೂ ನಕ್ಕರು, ನಾನೂ ನಕ್ಕೆ. ದೂರು ಕೊಟ್ಟಿದ್ದ ಮೂವರಲ್ಲಿ ಇಬ್ಬರು ಕೊನೆಯವರೆಗೂ ಉಳಿದರು. ಒಬ್ಬ ಸೆಕ್ಷನ್ ಬಿಟ್ಟು ಹೋದ. ಮುಂದಿನ ಸೆಮಿಸ್ಟರಿಗೆ ನನಗೆ ಕ್ಲಾಸ್ ಸಿಕ್ಕಿತು.

ನಮ್ಮ ಬೆಂಚುಗಳು

ಇದು ಅಮೆರಿಕದ ಕಥೆ, ನಮಗೇನು ಅಂತ ಕೇಳಬಹುದು. ನಮ್ಮ ಐಐಟಿಗಳಲ್ಲೂ, ಸುರತ್ಕಲ್ಲಿನ ಎನ್‌ಐಟಿಯಲ್ಲೂ ಗೇಟ್ ಬರೆದು ಎಂ.ಟೆಕ್.ಗೆ ಸೇರಿದವರು ಸ್ಟೈಪೆಂಡಿಗೆ ಪ್ರತಿಯಾಗಿ ವಾರಕ್ಕೆ ಎಂಟು ಗಂಟೆ ಟಿಎ ಕೆಲಸ ಮಾಡಬೇಕು. ಇನ್ನು ವಿಶ್ವವಿದ್ಯಾಲಯ, ಪದವಿ ಕಾಲೇಜುಗಳ ವಿಷಯ. ಸಹಾಯಕ ಪ್ರಾಧ್ಯಾಪಕರಾಗೋಕೆ ಸ್ನಾತಕೋತ್ತರ ಪದವಿ ಬೇಕು, ನೆಟ್ ಅಥವಾ ಕೆ-ಸೆಟ್ ಬೇಕು, ಇಲ್ಲವೇ ಪಿಎಚ್.ಡಿ. ಬೇಕು. ಒಂದು ದಿನವಾದರೂ ಕ್ಲಾಸಿನಲ್ಲಿ ನಿಂತು ತೋರಿಸಿದ ತರಬೇತಿ ಬೇಕಾಗಿಲ್ಲ. ನೆಟ್‌ನ ಮೊದಲ ಪತ್ರಿಕೆಯಲ್ಲಿ ಬೋಧನಾ ಸಾಮರ್ಥ್ಯದ ಪ್ರಶ್ನೆಗಳಿವೆ, ನಿಜ. ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸೋದು. ಈಜು ಬರುತ್ತಾ ಅಂತ ಕಾಗದದ ಮೇಲೆ ಕೇಳಿದ ಹಾಗೆ.

1986ರ ರಾಷ್ಟ್ರೀಯ ಶಿಕ್ಷಣ ನೀತಿ ಇದನ್ನು ಗಮನಿಸಿತ್ತು. ಅದರಂತೆ ಯುಜಿಸಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ಶುರು ಮಾಡಿತು. ಮೈಸೂರಿನಲ್ಲೂ ಒಂದು ಬಂತು. ಹೊಸ ಅಧ್ಯಾಪಕರಿಗೆ ನಾಲ್ಕು ವಾರದ ಓರಿಯೆಂಟೇಷನ್. ಓಹಾಯೋದಲ್ಲಿ ಆ ಮೊದಲ ಸಮ್ಮೇಳನ ನಡೆದದ್ದೂ ಅದೇ ವರ್ಷ ಅನ್ನೋದು ಕಾಕತಾಳೀಯ. ಆದರೆ ನಮ್ಮಲ್ಲಿ ಈ ತರಬೇತಿ ಕೆಲಸ ಸಿಕ್ಕ ಮೇಲೆ ಬರೋದು. ಬಡ್ತಿಯ ಲೆಕ್ಕಕ್ಕೆ ಬೇಕು ಅಂತ ಹೋಗಿ ಬಂದವರೇ ಜಾಸ್ತಿ.

ಕಾಯಂ ಕೆಲಸವೇ ಇಲ್ಲದವರ ಗತಿ? ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರಿದ್ದಾರೆ. ಅವರಲ್ಲಿ ಸಂಶೋಧನೆ ಮಾಡುತ್ತಲೇ ಪಾಠ ಮಾಡುವವರು ಎಷ್ಟೋ ಜನ. ಅವರ ಸಂಬಳ, ಸೇವಾ ಭದ್ರತೆಯ ಹೋರಾಟ ಆಗಾಗ ಸುದ್ದಿಯಾಗುತ್ತೆ, ಆಗಬೇಕು ಕೂಡ. ಅವರ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು, ಪಾಠ ಹೇಗಾಗ್ತಿದೆ ಅಂತ ಪ್ರೀತಿಯಿಂದ ಹೇಳುವವರು ಯಾರಾದರೂ ಇದ್ದಾರಾ ಅನ್ನೋ ಪ್ರಶ್ನೆ ಮಾತ್ರ ಸುದ್ದಿಯಾಗಿದ್ದು ನಾನು ಕಂಡಿಲ್ಲ. ಹಿಂದೆ ಕೂರುವವರು ಅಂದರೆ ನಮಗೆ ಇನ್‌ಸ್ಪೆಕ್ಷನ್ ನೆನಪಾಗುತ್ತೆ. ತಪ್ಪು ಹುಡುಕೋಕೆ ಬಂದವರು ಅಂತ ಭಯ. ನನ್ನ ಹಿಂದೆ ಕೂತ ಆ ಮಹಿಳೆ ವಿಭಾಗಕ್ಕೆ ಒಂದು ಸಾಲೂ ವರದಿ ಬರೆಯಲಿಲ್ಲ. ನೋಡಿದ್ದನ್ನು ನನಗೆ ಮಾತ್ರ ಹೇಳಿದರು. ಅದು ತಪಾಸಣೆ ಆಗಿದ್ದರೆ ನಾನು ಕರೆಯುತ್ತಲೇ ಇರಲಿಲ್ಲ.

ಚಿಕ್ಕಮ್ಮ ಈಗ ನಿವೃತ್ತರು. ಹೋದ ಸಲ ತಿಪಟೂರಿಗೆ ಹೋದಾಗ ಅಟ್ಟದಿಂದ ಟಿಸಿಎಚ್ ಕಾಲದ ಪಾಠ ಟಿಪ್ಪಣಿಯ ಪುಸ್ತಕ ಇಳಿಸಿ ತೋರಿಸಿದರು. ಕಂದು ಕಾಗದದ ಬೈಂಡು, ಒಳಗೆ ನೀಲಿ ಅಕ್ಷರ. ಪ್ರತಿ ಪಾಠದ ಕೊನೆಗೆ ಅವರ ಮೇಡಂ ಕೆಂಪು ಶಾಯಿಯಲ್ಲಿ ಬರೆದ ಒಂದೊಂದು ಸಾಲು. ಒಂದು ಕಡೆ, ಕೊನೆಯ ಸಾಲಿನ ಮಗು ಕೈ ಎತ್ತಿದ್ದನ್ನು ನೀವು ಗಮನಿಸಲಿಲ್ಲ ಅಂತಿತ್ತು.

"ಆ ಮಗು ಹೆಸರು ಈಗ್ಲೂ ನೆನಪಿದೆ ಕಣೋ" ಅಂದರು ಚಿಕ್ಕಮ್ಮ.

ನೀವು ಪಾಠ ಮಾಡುವವರಾಗಿದ್ದರೆ, ಮೊದಲ ಸಲ ಕ್ಲಾಸಿಗೆ ಹೋದಾಗ ನಿಮಗೆ ಯಾರು ಏನು ಹೇಳಿಕೊಟ್ಟರು, ಅಥವಾ ಏನನ್ನೂ ಹೇಳಿಕೊಡಲಿಲ್ಲ ಅನ್ನೋದನ್ನು ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅವುಗಳಲ್ಲಿ ಕೆಲವನ್ನು ಓದುತ್ತೇನೆ.